ಮೈಲಿಯೊಳಕ್ಕೆ ನಡೆದು ಬಂದ ಮನೆ

ಒಂದು ಮನೆ ನಡೆದುಕೊಂಡು ಹೋಗುವುದನ್ನು ನೀವು ಎಂದಾದರೂ ನೋಡಿದ್ದೀರಾ?

ನಾನು ನೋಡಿದೆ. ಹೋದ ಸೋಮವಾರ ಬೆಳಗ್ಗೆ, ಸೈಕಲ್ ತುಳಿದುಕೊಂಡು ಸ್ಕೂಲಿಗೆ ಹೋಗುತ್ತಿದ್ದಾಗ. ಮೊದಲು ಕಂಡದ್ದು ಧೂಳು. ಧೂಳಿನೊಳಗೆ ಕುರಿಮಂದೆ. ಬೆಲ್ ಹೊಡೆದೆ. (ಕುರಿಗಳು ಯಾವ ಕಾಲದಲ್ಲಿ ಬೆಲ್ಲಿಗೆ ಬೆಲೆ ಕೊಟ್ಟಿವೆ?) ಮಂದೆಯ ಮುಂದೆ ಒಬ್ಬಳು ಹುಡುಗಿ, ಕಂಕುಳಲ್ಲಿ ಒಂದು ಎಳೆ ಮರಿ. ಅವಳ ಮುಂದೆ ಒಬ್ಬ ಹೆಂಗಸು, ತಲೆಯ ಮೇಲೆ ಮಡಕೆ, ಮಡಕೆಯ ಮೇಲೆ ಮತ್ತೊಂದು ಮಡಕೆ. ಅವರೆಲ್ಲರ ಮುಂದೆ, ಬಂಡಿ ಜಾಡಿನ ತುಂಬ, ಒಂದು ಗುಡಿಸಲು ನಡೆಯುತ್ತಿತ್ತು. ಮೇಲೆ ಹುಲ್ಲಿನ ಸೂರು. ಕೆಳಗೆ ಎಂಟು ಕಾಲು.

ಸೈಕಲ್ ಇಳಿದುಬಿಟ್ಟೆ. (ಬ್ರೇಕ್ ಹಿಡಿದು ಇಳಿದೆ ಅಂದುಕೊಳ್ಳಬೇಡಿ. ಅದರ ಬ್ರೇಕಿನ ಕಥೆ ನಿಮಗೆ ಹಿಂದೆಯೇ ಬರೆದಿದ್ದೇನೆ.)

ಆ ಜಾಡಿನ ಪಕ್ಕದಲ್ಲಿ ಸುಣ್ಣ ಬಳಿದ ಒಂದು ಕಲ್ಲಿದೆ. ಅದನ್ನು ನೆಟ್ಟವನು ನಾನೇ. ಗುಡಿಸಲು ಆ ಕಲ್ಲನ್ನು ದಾಟಿತು. ಇನ್ನೂ ಸ್ವಲ್ಪ ದೂರ ಹೋಗಿ, ಕೊಯ್ದು ಖಾಲಿಯಾಗಿದ್ದ ಹೊಲವೊಂದಕ್ಕೆ ತಿರುಗಿ ನಿಂತಿತು. ಸೂರಿನ ಅಡಿಯಿಂದ ನಾಲ್ಕು ಜನ ಗಂಡಸರು ಬೆವರು ಒರೆಸಿಕೊಳ್ಳುತ್ತಾ ಹೊರಗೆ ಬಂದರು. ಹೆಂಗಸು ಮಡಕೆ ಇಳಿಸಿದಳು. ಹಿಂತಿರುಗಿ ಕಲ್ಲನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು.

"ಈಗ ಅಳೀರಿ ಮೇಷ್ಟ್ರೇ," ಅಂದಳು.

ಇಪ್ಪತ್ತು ವರ್ಷದಿಂದ ಮಕ್ಕಳಿಗೆ ಅಳತೆ ಕಲಿಸಿಯೇ ಅನ್ನ ತಿನ್ನುತ್ತಿರುವ ಮನುಷ್ಯನಿಗೆ ಈ ಮಾತು!

ಸಂಗತಿ ಏನೆಂದು ಮೊದಲಿನಿಂದ ಹೇಳುತ್ತೇನೆ. ಇದರಲ್ಲಿ ನನ್ನ ದಡ್ಡತನವೂ ಇದೆ. ಅದನ್ನೂ ಮುಚ್ಚಿಡುವುದಿಲ್ಲ.

ನನ್ನ ಸ್ಕೂಲು ಹುಲಿಕುಂಟೆ ಹೋಬಳಿಯ ಒಂದು ಊರಿನಲ್ಲಿದೆ ಎಂದು ನಿಮಗೆ ಗೊತ್ತು. (ಊರಿನ ಹೆಸರು ಇವತ್ತು ಬೇಡ. ಇನ್ಸ್‌ಪೆಕ್ಟರ್ ಸಾಹೇಬರೂ ಈ ಅಂಕಣ ಓದುತ್ತಾರಂತೆ.) ಸಂಕ್ರಾಂತಿಗೆ ಮುಂಚೆ ಆಫೀಸಿನಿಂದ ಒಂದು ಸರ್ಕ್ಯುಲರ್ ಬಂತು. ಸ್ಕೂಲಿಗೆ ಬರದ ಮಕ್ಕಳ ಪಟ್ಟಿ ಮಾಡಿ. ಮನೆಯಿಂದ ಒಂದು ಮೈಲಿಯೊಳಗೆ ಸ್ಕೂಲಿದ್ದರೆ ಆ ಮಗುವಿಗೆ ಹಾಜರಾತಿ ಕಡ್ಡಾಯ, ಮನೆಯವರಿಗೆ ನೋಟೀಸು ಕೊಡಿ. ಮೈಲಿಯ ಆಚೆ ಇದ್ದರೆ ವಿನಾಯಿತಿ, ಹೆಸರು ಬರೆದು ಕಳಿಸಿ ಸಾಕು. ಇಷ್ಟು. (ಕಿಲೋಮೀಟರ್ ಬಂದು ಎಷ್ಟೋ ವರ್ಷವಾಯಿತು. ನಮ್ಮ ಕಡೆ ಇನ್ನೂ ಮೈಲಿಯೇ ಓಡಾಡುತ್ತಿದೆ.)

ನಮ್ಮ ಹೆಡ್‌ಮಾಸ್ಟರು ಪಾವಗಡದ ಕಡೆಯವರು, ಮಾತಿಗೆ ತೆಲುಗು ಬೆರೆಯುತ್ತದೆ. ಸರ್ಕ್ಯುಲರ್ ಓದಿ, ಕನ್ನಡಕ ತೆಗೆದು, "ಏಮಪ್ಪಾ, ಈ ಮೈಲಿ ಯಾರು ಅಳೀಬೇಕಂತೆ?" ಅಂದರು. ಕೇಳುವುದೇನು ಬಂತು? ಸ್ಕೂಲಿನಲ್ಲಿ ಇರುವವರು ಇಬ್ಬರೇ ಮೇಷ್ಟ್ರು. ಸೈಕಲ್ ಇರುವುದು ಒಬ್ಬನಿಗೇ.

ನನಗೂ ಒಳಗೊಳಗೇ ಖುಷಿ. ಅಳತೆ ಎಂದರೆ ನನಗೆ ಮೊದಲಿನಿಂದಲೂ ಒಂದು ಹುಚ್ಚು. ಕೊರಟಗೆರೆಯ ನಮ್ಮ ಮನೆಯಲ್ಲಿ ಹೆಂಡತಿ ಅಕ್ಕಿ ಅಳೆಯುವಾಗಲೂ ಪಕ್ಕದಲ್ಲಿ ನಿಂತು ಸೇರಿನ ತಲೆ ಸವರುವವನು ನಾನು. ಸೈಕಲ್ ಚಕ್ರದ ಸುತ್ತಳತೆ ತೆಗೆದೆ. ಚಕ್ರ ಏಳುನೂರ ಇಪ್ಪತ್ತು ಸುತ್ತು ಉರುಳಿದರೆ ಒಂದು ಮೈಲಿ. ಚಕ್ರದ ಒಂದು ಕಡ್ಡಿಗೆ ಕೆಂಪು ಬಟ್ಟೆ ಕಟ್ಟಿ, ಸ್ಕೂಲಿನ ಹೊಸ್ತಿಲಿನಿಂದ ಸೈಕಲ್ ತಳ್ಳಿಕೊಂಡು ಹೊರಟೆ. ಕೆಂಪು ಬಟ್ಟೆ ಒಂದು ಸಲ ಕೆಳಗೆ ಬಂದರೆ ಒಂದು ಸುತ್ತು. ಅರ್ಧ ಸ್ಕೂಲೇ ಹಿಂದೆ ಬಂತು, ನೂರಾ ಒಂದು, ನೂರಾ ಎರಡು ಎಂದು ಕೂಗುತ್ತಾ. ಮಗ್ಗಿ ಹೇಳು ಅಂದರೆ ಹೊಟ್ಟೆನೋವು ಬರುವ ಮಕ್ಕಳು ಆವತ್ತು ಏಳುನೂರರವರೆಗೆ ಒಂದೂ ತಪ್ಪದೆ ಎಣಿಸಿದವು.

ಏಳುನೂರ ಇಪ್ಪತ್ತಕ್ಕೆ ಕಲ್ಲು ನೆಟ್ಟು ಸುಣ್ಣ ಬಳಿದೆವು. ಅಲ್ಲಿಂದ ಮುಂದೆ ಕುರಿ ಸಾಕುವವರ ಹಟ್ಟಿ. ಮುಳ್ಳುಬೇಲಿಯೊಳಗೆ ಹದಿನೈದಿಪ್ಪತ್ತು ಮನೆ. ಬೇಲಿಯ ಬಾಗಿಲು ಮುಟ್ಟಿದಾಗ ಎಂಟುನೂರ ಎಂಟು. ಅಂದರೆ ಮೈಲಿಯ ಮೇಲೆ ಇನ್ನೂರೈವತ್ತು ಹೆಜ್ಜೆ, ಹೆಚ್ಚುಕಡಿಮೆ. ಹಟ್ಟಿಯ ಹನ್ನೆರಡು ಮಕ್ಕಳು ಸ್ಕೂಲಿನ ಮುಖ ಕಂಡಿರಲಿಲ್ಲ. ಹನ್ನೆರಡಕ್ಕೂ ವಿನಾಯಿತಿ!

ಬೇಲಿಯ ಹೊರಗೆ ಒಂದು ಚಪ್ಪಡಿಯ ಮೇಲೆ ಯಜಮಾನ ಕರಿಯಜ್ಜ ಕೂತಿದ್ದ. ದೊಡ್ಡ ಉಪಕಾರ ಮಾಡಿದವನ ಗತ್ತಿನಲ್ಲಿ ನಾನು, "ಅಜ್ಜಾ, ನಿಮ್ಮ ಹಟ್ಟಿ ಬಚಾವಾಯ್ತು. ನೋಟೀಸಿಲ್ಲ, ದಂಡ ಇಲ್ಲ. ಮಕ್ಕಳನ್ನ ಸ್ಕೂಲಿಗೆ ಕಳಿಸಲೇಬೇಕು ಅಂತಿಲ್ಲ," ಅಂದೆ.

"ಅಂಗಾದ್ರೆ ನಮ್ ಸಣ್ಣಕ್ಕ ಮಂದೆ ಜೊತೆ ಹೋಗ್ಬೋದು ಅನ್ನಿ," ಅಂದ ಅಜ್ಜ. "ಹಬ್ಬ ಕಳೀತಿದ್ದಂಗೆ ಮಂದೆ ಪಾವಗಡದ್ ಆಚೀಕೆ ಹೊಂಟೈತೆ. ಮರಿ ನೋಡ್ಕಳಾಕೆ ಒಬ್ರು ಬೇಕಲ್ಲ."

ಸಣ್ಣಕ್ಕ ಅವನ ಮೊಮ್ಮಗಳು, ಎಂಟು ವರ್ಷ. ಖುಷಿಗೆ ಅಜ್ಜ ನನಗೊಂದು ಲೋಟ ಹಾಲು ತರಿಸಿಕೊಟ್ಟ. ತಂದವಳು ಅವನ ಸೊಸೆ, ಸಣ್ಣಕ್ಕನ ಅವ್ವ, ಈರಕ್ಕ. ಆಗ ಆಕೆಯ ಮುಖ ನೋಡಿದ್ದರೆ ನನಗೆ ಏನಾದರೂ ತಿಳಿಯುತ್ತಿತ್ತೋ ಏನೋ. ನಾನು ಹಾಲು ನೋಡುತ್ತಿದ್ದೆ.

ಮೂರು ದಿನ ಬಿಟ್ಟು ಈರಕ್ಕ ಸ್ಕೂಲಿಗೇ ಬಂದಳು. ಜೊತೆಗೆ ಸಣ್ಣಕ್ಕ. ಬಾಗಿಲ ಹೊರಗೇ ನಿಂತಳು.

"ಮೇಷ್ಟ್ರೇ, ಆ ಬಿಳೀ ಕಲ್ಲು ವಸಿ ಆಕಡೀಕೆ ಇಡ್ರಿ."

"ಯಾವ ಕಡೆಗೆ?"

"ನಮ್ ಹಟ್ಟಿಯಿಂದ ಆಚೀಕೆ."

ನಗು ಬಂತು. "ನೋಡಮ್ಮ, ಮೈಲಿ ಅಂದ್ರೆ ಮೈಲಿ. ಅದು ರೂಲು. ನಾನು ಹೇಗೆ ಬೇಕೋ ಹಾಗೆ ಎಳೆಯೋಕೆ ಬರಲ್ಲ," ಅಂದೆ. ಆಕೆಗೆ ತಿಳಿದಿಲ್ಲವೆಂದುಕೊಂಡು ಬಿಡಿಸಿಯೂ ಹೇಳಿದೆ. ವಿನಾಯಿತಿ ಎಂದರೆ ಬರಬೇಡ ಅಂತಲ್ಲ, ಬರದಿದ್ದರೂ ನಡೆಯುತ್ತದೆ ಅಂತ. ಕಳಿಸುವ ಮನಸ್ಸಿದ್ದರೆ ನಾಳೆಯೇ ಕಳಿಸು, ಯಾರು ಬೇಡ ಅಂತಾರೆ?

"ಮನೇಲಂತಾರೆ," ಅಂದಳು ಈರಕ್ಕ. "ನಾನು ಕಳಿಸ್ತೀನಿ ಅಂದ್ರೆ ಅದು ಸೊಸೆ ಮಾತು ಮೇಷ್ಟ್ರೇ. ಅದ್ಕೆ ಯಾರ್ ಕಿವಿ ಕೊಡ್ತಾರೆ? ಕಳಿಸ್ಲೇಬೇಕು ಅಂತ ಸರ್ಕಾರ ಅಂದ್ರೆ ನಮ್ ಮಾವ ಸುಮ್ಕಾಯ್ತಾನೆ. ಕೆಟ್ಟೋನಲ್ಲ ಅವ್ನು, ಸರ್ಕಾರಕ್ಕೆ ಹೆದರ್ತಾನೆ ಅಷ್ಟೆ. ನಂಗೆ ನಿಮ್ ನೋಟೀಸು ಬೇಕು."

ಓದುಗರೇ, ನೋಟೀಸು ಕಂಡು ಹಿತ್ತಲಿನಿಂದ ಓಡಿಹೋದ ಅಪ್ಪಂದಿರನ್ನು ನಾನು ನೋಡಿದ್ದೇನೆ. ಬಲಸಮುದ್ರದ ಕಡೆ ಕೆಲಸದಲ್ಲಿದ್ದಾಗ ಒಬ್ಬ ಮಹಾಶಯ ನನ್ನ ಸೈಕಲ್ ಸದ್ದು ಕೇಳಿ ಕಣಜದೊಳಗೆ ಇಳಿದು ಕೂತಿದ್ದ. ಕಾಲು ಸವೆಸಿಕೊಂಡು ಬಂದು ನೋಟೀಸು ಕೊಡಿ ಎಂದು ಕೇಳಿದವರನ್ನು ನೋಡಿದ್ದು ಅದೇ ಮೊದಲು. ಆಗಲೇ ನನಗೆ ಬುದ್ಧಿ ಬರಬೇಕಿತ್ತು. ಬರಲಿಲ್ಲ.

"ಆಗಲ್ಲಮ್ಮ. ಪಟ್ಟಿ ಬರೆದಾಗಿದೆ. ಹಬ್ಬ ಕಳೆದ ಸೋಮವಾರ ಆಫೀಸಿಗೆ ಹೋಗುತ್ತೆ."

ಈರಕ್ಕ ತಿರುಗಿ ಕಲ್ಲಿದ್ದ ಕಡೆಗೆ ನೋಡಿದಳು.

"ಕಲ್ಲು ಸರಿಸಾಕೆ ಬರಾಕಿಲ್ಲ?"

"ಬರಲ್ಲ."

"ಕಲ್ಲಿಂದ ಈಚೀಕೆ ಯಾವ್ ಹೊಲ್ದಾಗ್ ಇದ್ರೂ ನಡೀತದಾ?"

"ಎಲ್ಲಿದ್ದರೂ ಸರಿ. ಮನೆ ಕಲ್ಲಿನ ಈಚೆ ಇರಬೇಕು."

"ಸರಿ ಬುಡಿ," ಅಂದು ಮಗಳ ಕೈ ಹಿಡಿದು ಹೋದಳು. ನಾನು ಪಾಠ ಮುಂದುವರಿಸಿದೆ. ಆವತ್ತಿನ ಪಾಠ ಯಾವುದು ಗೊತ್ತೇ? ಉದ್ದಳತೆ!

ಇನ್ನು ಸೋಮವಾರಕ್ಕೆ ಬರೋಣ. ಎಂಟು ಕಾಲಿನ ಮನೆ ಹೊಲದಲ್ಲಿ ಕೂತಿದೆ. ಅಳೀರಿ ಅಂದು ಈರಕ್ಕ ಎದುರಿಗೆ ನಿಂತಿದ್ದಾಳೆ. ಕೆಂಪು ಬಟ್ಟೆ ನನ್ನ ಚಕ್ರದಲ್ಲಿ ಇನ್ನೂ ಹಾಗೇ ಇತ್ತು. ಕಲ್ಲಿನಿಂದ ಗುಡಿಸಲಿನವರೆಗೆ ಸೈಕಲ್ ತಳ್ಳಿದೆ. ಮೂವತ್ತು ಸುತ್ತು. ಏಳುನೂರ ಇಪ್ಪತ್ತರಲ್ಲಿ ಮೂವತ್ತು ಕಳೆದರೆ ಆರುನೂರ ತೊಂಬತ್ತು. ಮೈಲಿಯೊಳಗೆ, ಅನುಮಾನವೇ ಇಲ್ಲ.

ಆದರೆ ನಾನು ಮೇಷ್ಟ್ರಲ್ಲವೇ? "ಇದು ಎರಡು ದಿನದ ಗುಡಿಸಲಲ್ಲವೇನಮ್ಮ? ಆಮೇಲೆ?" ಅಂದೆ.

ಕುರಿಮಂದೆ ಹಾಕಿಸುವುದು ನಿಮಗೆ ಗೊತ್ತಿರಬಹುದು. ಗೊತ್ತಿಲ್ಲದ ಪೇಟೆಯವರಿಗೆ ಹೇಳುತ್ತೇನೆ. ಸುಗ್ಗಿ ಮುಗಿದ ಹೊಲದಲ್ಲಿ ಮಂದೆಯನ್ನು ನಾಲ್ಕಾರು ದಿನ ತರುಬಿದರೆ ಹಿಕ್ಕೆ ಬಿದ್ದು ಹೊಲಕ್ಕೆ ಒಳ್ಳೆಯ ಗೊಬ್ಬರ. ಮಂದೆ ಎಲ್ಲೋ ಕುರಿಯವರ ಗುಡಿಸಲೂ ಅಲ್ಲೇ. ಹೊಲ ಬದಲಾದರೆ ಗುಡಿಸಲನ್ನೂ ಎತ್ತಿಕೊಂಡು ಹೋಗುತ್ತಾರೆ. ಅದಕ್ಕೆಂದೇ ಹಗುರವಾಗಿ ಕಟ್ಟಿರುತ್ತಾರೆ. ಈ ಹಟ್ಟಿಯಲ್ಲಿ ಇನ್ನೊಂದು ಕಟ್ಟುಪಾಡೂ ಇದೆ. ಹೊಲದವರು ತಾವಾಗಿ ಬಾಗಿಲಿಗೆ ಬಂದು ಮಂದೆ ಕೇಳಿದರೆ ಯಜಮಾನ ಇಲ್ಲ ಎನ್ನುವಂತಿಲ್ಲ. ಕೇಳಿ ಬಂದವರನ್ನು ಬರಿಗೈಯಲ್ಲಿ ಕಳಿಸಿದರೆ ಮಂದೆಗೆ ಒಳ್ಳೆಯದಲ್ಲವಂತೆ.

ಈರಕ್ಕ ಮಾಡಿದ್ದು ಇಷ್ಟೇ. ಆವತ್ತು ಸ್ಕೂಲಿನಿಂದ ನೇರ ಹಟ್ಟಿಗೆ ಹೋಗಲಿಲ್ಲ. ಕಲ್ಲಿನ ಈಚೆ ಯಾರ ಯಾರ ಹೊಲ ಇದೆಯೋ ಅವರ ಮನೆಗೆಲ್ಲ ಹೋದಳು. ಏಳು ಮನೆ. ಮಂದೆ ಬೇಕಿದ್ದರೆ ನೀವೇ ಬಂದು ನಮ್ಮ ಮಾವನನ್ನು ಕೇಳಿ, ನಾನು ಹೇಳಿದೆ ಅನ್ನಬೇಡಿ ಎಂದಳು. ಕುರಿಗೊಬ್ಬರ ಬೇಡ ಎನ್ನುವ ರೈತ ಭೂಮಿಯ ಮೇಲೆ ಇದ್ದಾನೆಯೇ? ಹಬ್ಬದ ಮಾರನೆಯ ದಿನ ಕರಿಯಜ್ಜನ ಚಪ್ಪಡಿಯ ಮುಂದೆ ಒಬ್ಬರ ಹಿಂದೆ ಒಬ್ಬರು ಬಂದು ನಿಂತರು. ಅಜ್ಜನಿಗೆ ಎದೆ ಉಬ್ಬಿತು. ಎಲ್ಲರಿಗೂ ಆಯಿತು ಅಂದ. ಪಾವಗಡದ ಆಚೆಗೆ ಹೋಗುವ ಮಾತು ಅಲ್ಲಿಗೆ ನಿಂತಿತು.

"ಬ್ಯಾಸ್ಗೆ ಗಂಟ ಮಂದೆ ಈ ಕಲ್ಲಿಂದ ಆಚೀಕೆ ಹೋಗಾಕಿಲ್ಲ," ಅಂದಳು ಈರಕ್ಕ, ಕೈ ಚಾಚಿ ಒಂದೊಂದೇ ತೋರಿಸುತ್ತಾ. "ಈಗ ಇದು. ಆಮ್ಯಾಕೆ ಆ ಹುಣಸೇಮರದ್ ಹೊಲ. ಆಮ್ಯಾಕೆ ಹಳ್ಳದ್ ದಂಡೆ. ಎಲ್ಲಾ ನಿಮ್ ಮೈಲಿ ಒಳ್ಗೇ."

"ಮಳೆ ಬಂದು ಬಿತ್ತನೆ ಶುರುವಾದರೆ?"

"ಒಂದ್ ದಪ ಹೆಸ್ರು ನಿಮ್ ಬುಕ್ಕಿಗೆ ಬಿದ್ದ ಮ್ಯಾಲೆ ತೆಗೀತೀರಾ?"

"ಇಲ್ಲ."

"ಮತ್ತೆ?"

ಆಕೆ ಕೈ ತೋರಿಸಿದ ಕಡೆಯೆಲ್ಲ ನೋಡುತ್ತಾ ನಿಂತೆ. ಅಕ್ಷರ ಬಾರದ ಹೆಂಗಸು. ನಮ್ಮ ಸ್ಕೂಲನ್ನು ನಡುವೆ ಇಟ್ಟು ಒಂದು ಮೈಲಿ ತ್ರಿಜ್ಯದ ವೃತ್ತ ಎಳೆದಿದ್ದಳು. ಅದರೊಳಗೆ ಒಂದು ಮಂದೆ, ಒಂದು ಮನೆ, ಏಳು ಜನ ರೈತರು, ಒಬ್ಬ ಮಾವ, ಎಲ್ಲರನ್ನೂ ತಂದು ಕೂರಿಸಿದ್ದಳು. ಯಾರೊಂದಿಗೂ ಜಗಳವಿಲ್ಲ. ಯಾರಿಗೂ ಸುಳ್ಳು ಹೇಳಿಲ್ಲ. ನನ್ನ ಮೈ ಜುಮ್ಮೆಂದಿತು. ಬೆಟ್ಟ ಕಂಡರೂ ಸಮುದ್ರ ಕಂಡರೂ ನನಗೆ ಹಾಗೆ ಆಗಿಲ್ಲ. (ಗಂಡ ಎಲ್ಲಿ ಎಂದು ಕೇಳುತ್ತೀರಿ. ಸೂರು ಹೊತ್ತ ನಾಲ್ವರಲ್ಲಿ ಒಬ್ಬ ಅವನೇ. ಒಂದು ಮಾತೂ ಆಡಲಿಲ್ಲ. ಹೊತ್ತನಲ್ಲ, ಅದೇ ಮಾತು.)

"ಇಷ್ಟೆಲ್ಲ ಯಾಕಮ್ಮ?" ಅಂದೆ.

ಈರಕ್ಕ ಗುಡಿಸಲೊಳಗೆ ಹೋಗಿ ಎರಡು ಖಾಲಿ ಸೀಸೆ ತಂದಳು. ಎರಡೂ ಕಂದು ಬಣ್ಣ. ಒಂದೇ ಎತ್ತರ. ಎರಡರ ಮೇಲೂ ಚೀಟಿ. ಒಂದು, ಕುರಿಗಳ ಹೊಟ್ಟೆಹುಳಕ್ಕೆ ಕುಡಿಸುವ ಔಷಧಿಯದು. ಇನ್ನೊಂದು, ಮೈಗೆ ಹೇನು, ಉಣುಗು ಹತ್ತಿದರೆ ನೀರಿಗೆ ಬೆರೆಸಿ ಹಚ್ಚುವ ಔಷಧಿಯದು.

"ಹೋದ್ ವರ್ಸ ಮರಿಗುಳ್ಗೆ ಹೊಟ್ಟೆ ಕೆಟ್ಟಿತ್ತು. ಕುಡ್ಸಾದು ಯಾವ್ದು ಅಂತ ಮರ್ತೋಯ್ತು. ಎರಡೂ ಒಂದೇ ತರ ಕಂಡ್ವು. ನಾನೇ ಕುಡಿಸ್ದೆ ಮೇಷ್ಟ್ರೇ, ನನ್ ಕೈಯಾಗೇ. ಹದಿನಾಲ್ಕು ಮರಿ. ಹೊತ್ತು ನೆತ್ತಿಗ್ ಬರಾದ್ರೊಳ್ಗೆ..."

ಸೀಸೆಯ ಚೀಟಿಯನ್ನು ಹೆಬ್ಬೆರಳಿನಿಂದ ಉಜ್ಜಿದಳು.

"ನಮ್ ಮಾವ ಬಯ್ಲಿಲ್ಲ. ಬಯ್ದಿದ್ರೆ ಚೆಂದಾಗಿತ್ತು. ಕುಡಿಸ್ಬಾರ್ದು ಅಂತ ಸೀಸೆ ಮ್ಯಾಲೆ ಬರ್ದಿತ್ತಂತೆ. ದೊಡ್ಡಕ್ಷರದಾಗೆ ಬರ್ದಿತ್ತಂತೆ. ನನ್ ಕಣ್ಣೆದುರ್ಗೇ ಇತ್ತು. ನಂಗೆ ಕಾಣ್ಲಿಲ್ಲ."

ಸೀಸೆ ತಿರುಗಿಸಿ ನೋಡಿದೆ. ಬರೆದಿತ್ತು. ನನಗೆ ಕಣ್ಣು ಮಂಜಾಯಿತು, ಇದನ್ನು ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

ನೋಟೀಸು ಅಲ್ಲೇ ಬರೆದೆ, ಸೈಕಲ್ಲಿನ ಸೀಟಿನ ಮೇಲೆ ಕಾಗದ ಇಟ್ಟುಕೊಂಡು. ಸದರಿ ಬಾಲಕಿಯು ಶಾಲೆಯಿಂದ ಒಂದು ಮೈಲಿಯೊಳಗೆ ವಾಸವಾಗಿರುವುದರಿಂದ ತಪ್ಪದೆ ಹಾಜರಾಗತಕ್ಕದ್ದು. ಈರಕ್ಕ ಅದನ್ನು ಎರಡು ಸಲ ಓದಿಸಿದಳು. ಎರಡೂ ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡಳು. ನಾನು ಬರೆದ ಯಾವ ಕಾಗದಕ್ಕೂ, ಈ ಅಂಕಣವೂ ಸೇರಿ, ಅಂಥ ಮರ್ಯಾದೆ ಸಿಕ್ಕಿಲ್ಲ.

ಅಷ್ಟರಲ್ಲಿ ಕರಿಯಜ್ಜ ಕೋಲೂರಿಕೊಂಡು ಬಂದ. ಈರಕ್ಕ ತಲೆಯ ಮೇಲೆ ಸೆರಗು ಎಳೆದುಕೊಂಡು, ಏನೂ ಅರಿಯದವಳ ಹಾಗೆ, "ಮಾವ, ಸರ್ಕಾರದ್ ಕಾಗ್ದ ಬಂದೈತೆ," ಅಂದಳು.

"ಏನಂತೆ?"

"ನೀವು ಮೈಲಿಯೊಳಗೆ ಬಂದಿದ್ದೀರಿ ಅಜ್ಜಾ. ಇನ್ನು ಸಣ್ಣಕ್ಕನ್ನ ಕಳಿಸಲೇಬೇಕು," ಅಂದೆ ನಾನು.

"ಅಲ್ಲಾ, ಮೈಲಿ ಒಳಕ್ಕೆ ನಾನ್ ಯಾವಾಗ್ ಬಂದ್ನಪ್ಪಾ?"

ಅಜ್ಜ ಬಿಳಿ ಕಲ್ಲನ್ನು ನೋಡಿದ. ಗುಡಿಸಲನ್ನು ನೋಡಿದ. ಸೊಸೆಯ ಕೈಯಲ್ಲಿದ್ದ ಎರಡು ಸೀಸೆಗಳನ್ನು ನೋಡಿದ. ಅವನಿಗೆ ಎಲ್ಲ ತಿಳಿಯಿತು ಎಂದೇ ನನ್ನ ನಂಬಿಕೆ. ಸರ್ಕಾರಕ್ಕೆ ಹೆದರಿದವನ ಮುಖ ನಾನು ನೋಡಿದ್ದೇನೆ, ಅದು ಹಾಗಿರುವುದಿಲ್ಲ.

"ಸರ್ಕಾರ ಅಂದ್ ಮ್ಯಾಲೆ ಏನ್ ಮಾಡಾಕಾಯ್ತದೆ," ಅಂದ. ಆಮೇಲೆ ಮೊಮ್ಮಗಳ ಕಡೆ ತಿರುಗಿ, "ಲೇ ಸಣ್ಣಕ್ಕ, ಆ ಮರಿ ಇತ್ಲಾಗ್ ಕೊಡು. ಮೇಷ್ಟ್ರ ಸೈಕಲ್ ಹತ್ತು," ಅಂದ.

ಹುಡುಗಿಯ ಕಂಕುಳಿನಿಂದ ಮರಿಯನ್ನು ತಾನೇ ಎತ್ತಿಕೊಂಡು ಕಂಬಳಿಯೊಳಗೆ ಇಟ್ಟುಕೊಂಡ.

ಇದೆಲ್ಲ ಆಗಿ ಆರು ದಿನ. ಸಣ್ಣಕ್ಕ ಒಂದು ದಿನವೂ ತಪ್ಪಿಸಿಲ್ಲ. ಗುರುವಾರ ನಾನು ಹಾಜರಿ ಕೂಗಲು ರಿಜಿಸ್ಟರ್ ತೆಗೆಯುವಷ್ಟರಲ್ಲಿ ಎದ್ದು ನಿಂತು ಇಡೀ ಕ್ಲಾಸನ್ನು ಒಂದು ಸಲ, ಒಂದೇ ಸಲ, ಕಣ್ಣಾಡಿಸಿದಳು. "ಮೇಷ್ಟ್ರೇ, ಇಬ್ರು ಬಂದಿಲ್ಲ. ನೆಗಡಿ ಹುಡ್ಗ, ಆಮ್ಯಾಕೆ ಕೆಂಪು ಲಂಗದೋಳು," ಅಂದಳು. ನಲವತ್ತು ಹೆಸರು ಕೂಗಿ ನೋಡಿದೆ. ಸರಿಯಾಗಿ ಆ ಇಬ್ಬರೇ. ಮಂದೆ ಕಾದವರ ಕಣ್ಣು ಅದು. ಅವಳು ನನ್ನಿಂದ ಅ ಆ ಇ ಈ ಕಲಿಯುತ್ತಿದ್ದಾಳೆ. ನಾನು ಅವಳಿಂದ ಹಾಜರಿ ತೆಗೆಯುವುದನ್ನು ಕಲಿಯಬೇಕು.

ಶನಿವಾರ ಕೊರಟಗೆರೆಯ ಮನೆಗೆ ಬಂದು ಹೆಂಡತಿಗೆ ಹೇಳಿದೆ. ಎಲ್ಲ ಕೇಳಿ, "ನೀವು ಹೋದ ವರ್ಷ ಎಲೆಕ್ಷನ್ ಡ್ಯೂಟಿಗೆ ಸೊಂಟನೋವು ಅಂತ ಸರ್ಟಿಫಿಕೇಟ್ ತಂದಿದ್ರಲ್ಲ?" ಅಂದಳು. ಹೌದು. ಮಧುಗಿರಿಯ ಟ್ರೈನಿಂಗಿಗೂ ತಂದಿದ್ದೆ. ಓದಿದವರು ನಾವು. ರೂಲು ಬಂದರೆ ಸಾಕು, ಅದರಿಂದ ನುಸುಳುವ ಕಿಂಡಿ ಎಲ್ಲಿ ಎಂದು ಹುಡುಕುತ್ತೇವೆ. ಈರಕ್ಕ ಹುಡುಕಿದ್ದೂ ಕಿಂಡಿಯನ್ನೇ. ಆದರೆ ಒಳಗೆ ಬರುವುದಕ್ಕೆ.

ಪಟ್ಟಿ ಆಫೀಸಿಗೆ ಹೋಗುವುದು ಒಂದು ವಾರ ತಡವಾಗಿದೆ. (ಸಾಹೇಬರು ಕ್ಷಮಿಸಬೇಕು.) ಅದರಲ್ಲಿ ಒಂದು ಹೆಸರು ಹೊಡೆದುಹಾಕಿದೆ. ಅದೇ ಹಟ್ಟಿಯ ಇನ್ನೂ ಹನ್ನೊಂದು ಹೆಸರು ವಿನಾಯಿತಿಯ ಕೆಳಗೆ ಹಾಗೇ ಕೂತಿವೆ, ನನ್ನದೇ ದುಂಡು ಅಕ್ಷರದಲ್ಲಿ. ಆ ಮಕ್ಕಳ ಅವ್ವಂದಿರನ್ನು ನಾನು ಒಂದು ಮಾತೂ ಕೇಳಿಲ್ಲ. ಅವರ ಮನೆಗಳು ಗೋಡೆಯ ಮನೆಗಳು, ಎತ್ತಿಕೊಂಡು ಬರಲು ಆಗುವಂಥವಲ್ಲ.

ಆ ಹನ್ನೊಂದು ಮನೆಗೆ ಕಾಲಿಲ್ಲ ನಿಜ, ನನ್ನ ಕಲ್ಲಿಗಾದರೂ ಕಾಲು ಬರಬಾರದೇ?